ಎರಡು ಕಾಟಾದಾಗ ಸುಳ್ಳು ಯಾವ್ದು?

ಭತ್ತ ಮಾರೂ ಹೊತ್ತಿಗೆ ನಮ್ಮ ಪಾರಿಶ್ವಾಡದ ಕಡೆ ಈ ಜಗಳ ಇದ್ದದ್ದ. ಮನ್ಯಾಗ ತೂಗಿದಾಗ ಚೀಲ 50 ಕಿಲೋ, ವ್ಯಾಪಾರಿ ಕಾಟಾದ ಮ್ಯಾಲೆ 48.8. ಗಂಡಸರು ಮೋಸ ಅಂತಾರ, ವ್ಯಾಪಾರಿ ನಿಮ್ಮ ಕಾಟಾನ ಸರಿ ಇಲ್ಲ ಅಂತಾನ. ನಾವು ಚಹಾ ಕೊಟ್ಟು ಒಳಗ ಬರ್ತೇವಿ. ಬರಬ್ಯಾಡ್ರಿ ಅಕ್ಕಾರ, ಇದು ಹೈಸ್ಕೂಲಿನ ಲೆಕ್ಕ.

ಮೊದಲ ಎರಡೂ ತೂಕ ಒಂದಕ್ಕೊಂದು ಎಷ್ಟು ದೂರ ಅದಾವ ನೋಡೂಣು. 50 ರಾಗ 48.8 ಕಳದ್ರ 1.2. ಎರಡರ ಸರಾಸರಿ 49.4. 1.2 ನ್ನ 49.4 ರಿಂದ ಭಾಗಿಸಿ 100 ರಿಂದ ಗುಣಿಸಿದ್ರ ಸುಮಾರು 2.43. ಇದಕ್ಕ ಶೇಕಡಾ ವ್ಯತ್ಯಾಸ ಅಂತಾರ. ಸರಾಸರಿ ಯಾಕಂದ್ರ ಖರೇ ತೂಕ ಯಾವ್ದು ಅನ್ನೂದು ಇನ್ನೂ ಗೊತ್ತಿಲ್ಲ, ಇಬ್ಬರ ನಡುವ ನಿಂತು ಅಳೀಬೇಕು. ಈ 2.43 ಯಾರನ್ನೂ ಕಳ್ಳ ಅನ್ನೂದಿಲ್ಲ.

ಅದಕ್ಕ ಮೂರನೇ ಸಾಕ್ಷಿ ಬೇಕು: ಕಾನೂನು ಮಾಪನಶಾಸ್ತ್ರ ಇಲಾಖೆ ಮುದ್ರಿ ಇರೂ 20 ಕಿಲೋದ ಕಬ್ಬಿಣದ ಕಲ್ಲು. ಖಾಲಿ ಕಾಟಾ ಸೊನ್ನಿ ತೋರಿಸ್ತೈತೇನು ನೋಡಿ, ಕಲ್ಲನ್ನ ಎರಡರ ಮ್ಯಾಲೂ ಇಡ್ರಿ. ಮನಿದ್ರಾಗ 20 ಬಂತು, ಅವಂದ್ರಾಗ 19.52 ಬಂತು ಅನ್ಕೊಳ್ರಿ. ಕಡಿಮಿ ಬಿದ್ದ 0.48 ನ್ನ 20 ರಿಂದ ಭಾಗಿಸಿ 100 ರಿಂದ ಗುಣಿಸಿದ್ರ 2.4. ಇದು ಶೇಕಡಾ ದೋಷ. ಇಲ್ಲಿ ಖರೇದು ಗೊತ್ತೈತಿ, ಅದಕ್ಕ ಸರಾಸರಿ ಬ್ಯಾಡ. ಎಲೆಕ್ಟ್ರಾನಿಕ್ ಕಾಟಾಕ್ಕ ವರ್ಷಕ್ಕೊಮ್ಮೆ ಮುದ್ರಿ ಹಾಕಿಸಬೇಕು ಅಂತ ನಿಯಮನ ಐತಿ. ಮುದ್ರಿ ತೋರಸಪಾ ಅಂತ ಕೇಳಾಕ ನಾಚಿಕಿ ಬ್ಯಾಡ.

ನೂರಕ್ಕ 2.4 ಏನ ಮಹಾ ಅನಸ್ತೈತಿ. 40 ಚೀಲಕ್ಕ ಚೀಲಕ್ಕ 1.2 ಅಂದ್ರ 48 ಕಿಲೋ. 2024-25 ರ ಬೆಂಬಲ ಬೆಲೆ ಕ್ವಿಂಟಲಿಗೆ 2300 ರೂಪಾಯಿ ಹಿಡದ್ರ 1104 ರೂಪಾಯಿ. ಅಡಗಿಮನಿ ಸಣ್ಣ ಕಾಟಾ ಒಂದು ಗ್ರಾಂ ತಪ್ಪಿದ್ರ ಕಿಲೋ ಸಕ್ಕರಿಗೆ ಶೇಕಡಾ 0.1, 10 ಗ್ರಾಂ ಯಾಲಕ್ಕಿಗೆ ಶೇಕಡಾ 10. ಅದರಾಗ ಬಂಗಾರ ತೂಗಾಕ ಹೋಗಬ್ಯಾಡ್ರಿ ಮತ್ತ.

ಇನ್ನ ಕಲ್ಲು ಇಟ್ಟಾಗ ಎರಡೂ ಕಾಟಾ 20 ಅಂತನ ಅಂದ್ರ? ಆಗ ಭತ್ತನ್ನ ಕೇಳ್ರಿ. ಮನ್ಯಾಗ ತೂಗಿದಾಗ ನೂರಕ್ಕ 19 ಭಾಗ ನೀರಿತ್ತು, ನಾಕ ದಿನ ಬಿಸಲಿಗೆ ಹರವಿ 17 ಕ್ಕ ಇಳೀತು ಅಂದ್ರ 50 ಕಿಲೋ ಚೀಲ ತನ್ನಷ್ಟಕ್ಕ 48.8 ಆಗ್ತೈತಿ. ನೀರಿಲ್ಲದ ಕಾಳು 40.5 ಕಿಲೋ ಇದ್ದದ್ದು ಹಂಗ ಉಳೀತು, ಹಾರಿದ್ದು ನೀರಷ್ಟ. ಸರ್ಕಾರ ಕೊಳ್ಳುವಾಗ ತೇವಾಂಶಕ್ಕ 17 ಮಿತಿ ಇಟ್ಟದ್ದರಿಂದ ಒಣಗಸೂದು ತಪ್ಪಂಗಿಲ್ಲ. ಹಿಂಗಾಗಿ ಒಣಗಿಸಿದ ಮ್ಯಾಲ ಮನ್ಯಾಗ ಇನ್ನೊಮ್ಮೆ ತೂಗಿ, ಚೀಲದ ಮ್ಯಾಲ ತಾರೀಕು ಬರದು, ಅವತ್ತ ಮಾರಾಕ ಕಳಸ್ರಿ.