ಆಚೆ ವರ್ಷದ ಸಂಬಳ

ಕೊತ್ತಂಬರಿ ಕಟ್ಟಿಗೆ ಎರಡು ರೂಪಾಯಿ ಇಳಿಸದೆ ಮುಂದಿನ ಅಂಗಡಿಗೆ ಹೋಗದ ನಮ್ಮವರು ಕಾಲೇಜಿನ ಫೀಜು ಎಂದರೆ ಮಾತ್ರ ಬಾಯಿಗೆ ಬೀಗ ಹಾಕಿಕೊಳ್ಳುತ್ತಾರೆ. ಅಮೆರಿಕಕ್ಕೆ ಹೋದರೂ ಈ ಗುಣ ಬಿಡದು. ಕೆಲಸ ಹೋದದ್ದನ್ನು ಕನ್ನಡ ಕೂಟದ ಯುಗಾದಿ ಊಟದಲ್ಲಿ ಹೇಳದಿದ್ದರೆ ಸರಿ, ಮಗಳ ಕಾಲೇಜಿಗೂ ಹೇಳದಿದ್ದರೆ?

ಅಲ್ಲಿ ಕಾಲೇಜಿನ ಖರ್ಚಿಗೆ ನೆರವು ಬೇಕೆಂದರೆ ಫಾಫ್ಸಾ ಎಂಬ ಸರ್ಕಾರಿ ಅರ್ಜಿ ತುಂಬಬೇಕು. ಪೌರತ್ವವೋ ಗ್ರೀನ್ ಕಾರ್ಡೋ ಇದ್ದವರ ಮಾತಿದು. ಎಚ್-4 ವೀಸಾದ ಮಕ್ಕಳಿಗೆ ಆ ಸರ್ಕಾರಿ ದುಡ್ಡು ಇಲ್ಲ. ಅರ್ಜಿ ಕೇಳುವುದು ಆಚೆ ವರ್ಷದ ಆದಾಯ. 2025ರಲ್ಲಿ ಕಾಲೇಜು ಸೇರಿದವಳಿಗೆ 2023ರ ತೆರಿಗೆ ಲೆಕ್ಕ. ಅಷ್ಟರಲ್ಲಿ ಅಪ್ಪನ ಕೆಲಸ ಹೋಗಿ, ಅಮ್ಮನಿಗೆ ಆಪರೇಷನ್ ಆಗಿದ್ದರೂ ಕಾಗದದ ಮೇಲೆ ಹಳೇ ಸಂಬಳ ತಪ್ಪದೆ ಬರುತ್ತಿರುತ್ತದೆ. ನಮ್ಮ ನಾಡಕಚೇರಿಯ ಆದಾಯ ಪ್ರಮಾಣಪತ್ರವೂ 5 ವರ್ಷ ಚಾಲ್ತಿಯಲ್ಲಿರುವುದರಿಂದ ನಾವು ನಗುವ ಹಾಗಿಲ್ಲ.

ಅಮೆರಿಕದ ಉನ್ನತ ಶಿಕ್ಷಣ ಕಾಯ್ದೆಯ 479ಎ ಕಲಮು ಇದಕ್ಕೊಂದು ದಾರಿ ಇಟ್ಟಿದೆ. ಕಾಲೇಜಿನ ನೆರವು ಅಧಿಕಾರಿ ಒಂದೊಂದು ಮನೆಯ ಕಥೆಯನ್ನೂ ದಾಖಲೆ ಸಮೇತ ನೋಡಿ ಅಂಕಿ ತಿದ್ದಬಹುದು. ಪ್ರೊಫೆಷನಲ್ ಜಡ್ಜ್‌ಮೆಂಟ್ ಎನ್ನುತ್ತಾರೆ. ಇಂಥ ಯಾರ ಮನವಿಯನ್ನೂ ನೋಡುವುದಿಲ್ಲ ಎಂದು ಕಾಲೇಜು ಸಾರಾಸಗಟಾಗಿ ಹೇಳುವಂತಿಲ್ಲ. ಹಾಗೆಂದು ಅಧಿಕಾರಿ ಒಪ್ಪಲೇಬೇಕೆಂದೂ ಇಲ್ಲ. ಅವರು ಆಗದು ಎಂದರೆ ಶಿಕ್ಷಣ ಇಲಾಖೆಗೆ ಮೇಲ್ಮನವಿ ಹಾಕಲಾಗದು. ನಾಲ್ಕು ಕಾಲೇಜಿಗೆ ಹಾಕಿದ್ದರೆ ನಾಲ್ಕು ಕಡೆಯೂ ಬೇರೆ ಬೇರೆಯಾಗಿ ಕೇಳಬೇಕು. ಒಪ್ಪಿದರೆ, ಮೊದಲು ಸಿಗದಿದ್ದ ಪೆಲ್ ಗ್ರಾಂಟ್ ಸಿಕ್ಕೀತು. 2025-26ಕ್ಕೆ ಅದು ಹೆಚ್ಚೆಂದರೆ 7,395 ಡಾಲರ್, ಹಿಂತಿರುಗಿಸಬೇಕಾಗಿಲ್ಲ. ಕಾಲೇಜು ತಾನೇ ಕೊಡುವ ನೆರವಿನ ಗಂಟು ಮಾತ್ರ ತಡಮಾಡಿದಷ್ಟೂ ಕರಗುತ್ತದೆ.

ಯಾವ ಕಷ್ಟ ಕಷ್ಟವಲ್ಲ ಎಂಬುದನ್ನೂ ಸರ್ಕಾರದ ಕೈಪಿಡಿ ಬರೆದಿಟ್ಟಿದೆ: ರಜೆಯ ಪ್ರವಾಸ, ದೇವರ ಕಾಣಿಕೆ, ಕ್ರೆಡಿಟ್ ಕಾರ್ಡಿನ ಬಾಕಿ, ಮಕ್ಕಳ ಪಾಕೆಟ್ ಮನಿ. ಓದಿದಾಗ, ಇದನ್ನು ಬರೆದವರು ನಮ್ಮ ಮನೆಗಳಲ್ಲೇ ಎರಡು ದಿನ ಇದ್ದು ಹೋದರೇ ಎನ್ನಿಸಿತು.

ನ್ಯೂಜೆರ್ಸಿಯ ನಮ್ಮ ಭಾವನವರು ಹೆಂಡತಿಯ ಒತ್ತಾಯಕ್ಕೆ ಕೊನೆಗೂ ಮಗಳ ಕಾಲೇಜಿಗೆ ಪತ್ರ ಬರೆದರು. ನಾಲ್ಕು ಪುಟ. ವಂಶದ ಹಿರಿಮೆ, ತಾವು ಪಟ್ಟ ಪಾಡು, ಮಗಳ ಭರತನಾಟ್ಯ, ಎಲ್ಲ ಇತ್ತು. ಕೆಲಸ ಹೋದ ತಾರೀಖು ಇರಲಿಲ್ಲ. ಮಗಳು ಅದನ್ನು ಆರು ಸಾಲಿಗೆ ಇಳಿಸಿ, ವಜಾ ಪತ್ರ, ಕೊನೆಯ ಸಂಬಳದ ಚೀಟಿ, ಆಸ್ಪತ್ರೆ ಬಿಲ್ಲು ಲಗತ್ತಿಸಿದ್ದಾಳೆ. ರಂಗಪ್ರವೇಶದ ಖರ್ಚನ್ನು ಕೈಬಿಡಲು ಅಪ್ಪ ಒಪ್ಪಿಲ್ಲವಂತೆ. ಮಾತುಕತೆ ನಡೆದಿದೆ.