ಪರಸ್ಥಳದ ಒಗೆತ

ಪ್ರವಾಸ ಹೊರಟವನ ದೊಡ್ಡ ಚಿಂತೆ ಊಟದ್ದಲ್ಲ, ಅಂಗಿಯದು. ಎರಡೇ ಅಂಗಿಗಳಲ್ಲಿ ವಾರ ಕಳೆಯಬೇಕಾದರೆ ರಾತ್ರಿ ವಸತಿಗೃಹದ ಬಚ್ಚಲಲ್ಲಿ ಕೂತು ಒಗೆಯದೆ ಗತಿಯಿಲ್ಲ. ಕೊಳೆಯೆಲ್ಲ ಕೂರುವುದು ಕೊರಳಪಟ್ಟಿಯಲ್ಲಿ, ತೋಳಿನ ಅಂಚಿನಲ್ಲಿ. ಅಲ್ಲಿ ತಿಕ್ಕಿದರೆ ಅರ್ಧ ಕೆಲಸ ಮುಗಿಯಿತು. ಒಣ ಟುವಾಲಿನಲ್ಲಿ ಸುತ್ತಿ ಹಿಂಡಿದರೆ ಉಳಿದ ನೀರನ್ನು ಅದೇ ಕುಡಿಯುತ್ತದೆ. ಬೇಸಿಗೆಯ ಕಲಬುರಗಿಯಲ್ಲಿ ಬೆಳಗಾಗುವಷ್ಟರಲ್ಲಿ ಗರಿಗರಿ. ಆಷಾಢದ ಉಡುಪಿಯಲ್ಲಿ ಮೂರು ದಿನವಾದರೂ ಹಸಿಹಸಿ.

ಬಸವಕಲ್ಯಾಣದಲ್ಲಿ ಹೀಗೆ ಒಗೆಯುತ್ತಿದ್ದಾಗ 12ನೆಯ ಶತಮಾನದ ಮಡಿವಾಳ ಮಾಚಿದೇವ ನೆನಪಾದ. ಶರಣರ ಬಟ್ಟೆ ಮಡಿ ಮಾಡುವುದು ಅವನ ಕಾಯಕ. ಅವನ ವಚನಗಳಿಗೆ ತರಗತಿಯಲ್ಲಿ ಅರ್ಥ ಹೇಳುವುದು ನನ್ನದು. ಅಂದು ಒಂದೇ ಅಂಗಿಗೆ ನನ್ನ ಸೊಂಟ ಹಿಡಿಯಿತು. ಮನೆಯಲ್ಲಿ ದಿನವೂ ರಾಶಿ ಬಟ್ಟೆ ಒಗೆಯುವಾಕೆಯ ಸೊಂಟದ ಸುದ್ದಿಯನ್ನು ಯಾವ ವ್ಯಾಖ್ಯಾನವೂ ನನಗೆ ಹೇಳಿರಲಿಲ್ಲ. ಊರಿಗೆ ಬಂದ ಮೇಲೂ ನನ್ನ ಅಂಗಿ ನನ್ನ ಕಾಯಕವೇ.