ಕೊಡಚಾದ್ರಿಯ ಹೆಂಚಿನ ಮನೆಯಲ್ಲಿ ಒಂದು ರಾತ್ರಿ

ಕೊಲ್ಲೂರಿಗೆ ಹೋದವರು ಏನು ಮಾಡ್ತಾರೆ? ದೇವಿಗೆ ಕೈಮುಗಿದು, ಗಾಯಕ ಯೇಸುದಾಸ್ ಜನವರಿ 10ರ ಹುಟ್ಟುಹಬ್ಬಕ್ಕೆ ಬಂದು ಹಾಡುತ್ತಿದ್ದುದು ಇಲ್ಲೇ ಅಲ್ವಾ ಅಂತ ವಿಚಾರಿಸಿ, ಊಟ ಮುಗಿಸಿ ಬಸ್ಸು ಹತ್ತುತ್ತಾರೆ. ನಾವೂ ಹತ್ತುತ್ತಿದ್ದೆವು. ಅಮ್ಮ ಹಟ ಹಿಡಿದಳು.

"ಮೂಲಸ್ಥಾನ ಕೊಡಚಾದ್ರಿ ಮೇಲಿದೆಯಂತೆ. ಅದನ್ನ ನೋಡ್ದೆ ನಾನು ಬರಲ್ಲ!"

ಈ ಹಟದ ಗುಟ್ಟು ನನಗೆ ಗೊತ್ತಿತ್ತು. ನಾನು ಪಿಯುಸಿ ಅರ್ಧಕ್ಕೆ ಬಿಟ್ಟು ಪತ್ರಿಕೆಗಳಿಗೆ ಬರೆಯಲು ಹೊರಟಂದಿನಿಂದ ಅಪ್ಪನಿಗೂ ನನಗೂ ಅಷ್ಟಕ್ಕಷ್ಟೇ. 'ಊಟ ಆಯ್ತಾ?' 'ಆಯ್ತು.' ಹತ್ತು ವರ್ಷ ಇಷ್ಟೇ ಡೈಲಾಗು! ಕಂಡಕ್ಟರ್ ಕೆಲಸದಲ್ಲಿ ಆಯುಷ್ಯವೆಲ್ಲ ಬಸ್ ಸ್ಟಾಂಡಿನಲ್ಲಿ ಕಳೆದ ಅಪ್ಪ, ಅಲ್ಲಿ ನೇತುಹಾಕಿದ ಪತ್ರಿಕೆಯಲ್ಲಿ ಮಗನ ಹೆಸರಿದ್ದರೂ ಒಂದು ಪ್ರತಿ ಕೊಂಡವರಲ್ಲ. ಇಬ್ಬರನ್ನೂ ಒಂದೇ ಕೋಣೇಲಿ ಒಂದು ರಾತ್ರಿ ಮಲಗಿಸೋಣ ಅಂತ ಅಮ್ಮನ ಲೆಕ್ಕ.

ನಿಟ್ಟೂರು, ಕಟ್ಟಿನಹೊಳೆ ಬಳಸಿ ಜೀಪು ಹೊರಟಿತು. ಆಮೇಲಿನದು ರಸ್ತೆಯಲ್ಲ ಸ್ವಾಮಿ, ಬರೀ ಕಲ್ಲು, ಹೊಂಡ! ತಂಗಿ ಮುಚ್ಚಿದ ಕಣ್ಣು ತೆರೆಯಲಿಲ್ಲ. ಅಪ್ಪ ಮಾತ್ರ ಕಂಬಿ ಹಿಡಿದು, ಪ್ರತಿ ತಿರುವಿಗೂ "ರೈಟ್... ರೈಟ್..." ಅಂತ ಗೊಣಗುತ್ತಿದ್ದರು.

ಗುಡಿಯ ಮುಂದೆ ಎತ್ತರದ ಕಬ್ಬಿಣದ ಕಂಬ. ಮೂಕಾಸುರನನ್ನು ಕೊಂದ ದೇವಿಯ ತ್ರಿಶೂಲ ಇದೇ ಅಂತಾರೆ. ಸ್ವಲ್ಪ ದೂರದಲ್ಲಿ ನಮಗೆ ಸಿಕ್ಕಿದ್ದು ಹಳೇ ಹೆಂಚಿನ ಮನೆ. ಹಂಡೆಯಲ್ಲಿ ಬಿಸಿನೀರು; ಅನ್ನ, ಸಾರು, ಮಾವಿನಮಿಡಿ ಉಪ್ಪಿನಕಾಯಿ, ಮಜ್ಜಿಗೆ. ಮಲಗಲು ಚಾಪೆ, ಕಂಬಳಿ. ಫೋನಿಗೆ ಸಿಗ್ನಲ್ ಇಲ್ಲ. ಹೆಂಚಿನ ಸಂದಿಯಿಂದ ಮಂಜು ಒಳಗೇ ಇಳಿಯುತ್ತಿತ್ತು.

ನಡುರಾತ್ರಿ ಅಪ್ಪ ಧಡಕ್ಕನೆ ಎದ್ದು ಕೂತರು. ಹಿಮ್ಮಡಿಯೆಲ್ಲ ರಕ್ತ! ಉಂಬಳ. ಅವರ ಎಲೆಯಡಿಕೆ ಡಬ್ಬಿಯಿಂದಲೇ ಸುಣ್ಣ ತೆಗೆದು ಹಚ್ಚಿದೆ. ಉಂಬಳ ಬಿತ್ತು. ರಕ್ತ ನಿಲ್ಲಲಿ ಅಂತ ಪಾದ ಒತ್ತಿ ಹಿಡಿದೇ ಕೂತೆ. ಎಷ್ಟು ಸವೆದ ಪಾದ!

ಕತ್ತಲಲ್ಲಿ ಅಪ್ಪ ಕೇಳಿದರು, "ಒಂದು ಲೇಖನಕ್ಕೆ ಎಷ್ಟು ಕೊಡ್ತಾರೋ?"

ಸುಳ್ಳು ಹೇಳೋಣ ಅನ್ನಿಸಿತು. ನಿಜವನ್ನೇ ಹೇಳಿದೆ.

"ಅಷ್ಟೇನಾ?" ಅಂದರು. ಬಹಳ ಹೊತ್ತು ಸುಮ್ಮನಿದ್ದು, "ನನ್ನ ಮೊದಲನೇ ಸಂಬಳಾನೂ ಏನು ಹೇಳ್ಕೊಳ್ಳೋ ಹಾಗಿರಲಿಲ್ಲ, ಬಿಡು" ಅಂದರು. ಗೋಡೆ ಕಡೆ ತಿರುಗಿದ್ದ ಅಮ್ಮ ನಿದ್ದೆ ಬಂದವಳಂತೆ ಗೊರಕೆ ಹೊಡೆದಳು. ಅವಳಿಗೆ ಗೊರಕೆಯ ಅಭ್ಯಾಸವೇ ಇಲ್ಲ!

ಬೆಳಿಗ್ಗೆ ಸರ್ವಜ್ಞಪೀಠಕ್ಕೆ ಹೊರಟೆವು. ಬೆಟ್ಟದ ಎತ್ತರ 1,343 ಮೀಟರು. ತುದಿಯ ಪುಟ್ಟ ಕಲ್ಲುಮಂಟಪದಲ್ಲಿ ಶಂಕರಾಚಾರ್ಯರು ತಪಸ್ಸು ಮಾಡಿದರೆಂಬ ನಂಬಿಕೆ. ಮಂಡಿನೋವಿನ ಅಪ್ಪ ನನ್ನ ಹೆಗಲ ಮೇಲೆ ಕೈಯಿಟ್ಟೇ ಹತ್ತಿದರು. ಆಕಾಶ ತಿಳಿಯಾಗಿದ್ದರೆ ಪಶ್ಚಿಮಕ್ಕೆ ಸಮುದ್ರ ಕಾಣುತ್ತದೆ. ನಮಗೆ ಕಂಡಿದ್ದು ಬರೀ ಮಂಜು.

ಅಪ್ಪ ಏದುಸಿರಿನಲ್ಲೇ ಅಮ್ಮನಿಗೆ ಅಂದರು, "ನೋಡೇ, ಪಿಯುಸಿ ದಾಟದವನು ಸರ್ವಜ್ಞಪೀಠ ಹತ್ತಿದ!"

ಹತ್ತು ವರ್ಷದ ಮೇಲೆ ನಾಲ್ಕೂ ಜನ ಒಟ್ಟಿಗೆ ನಕ್ಕೆವು.

ನೀವೂ ಹೋಗಿ. ಜೋರು ಮಳೆಗಾಲ ಬೇಡ. ಕಂಬಳಿ, ಉಪ್ಪು, ಸುಣ್ಣ ಮರೆಯಬೇಡಿ.

ವಾಪಸು ಬಸ್ ಸ್ಟಾಂಡಿನಲ್ಲಿ ಅಪ್ಪ ಪತ್ರಿಕೆ ಅಂಗಡಿ ಮುಂದೆ ನಿಂತರು. ಜೇಬು ತಡವಿ ನನ್ನ ಕಡೆ ತಿರುಗಿದರು.

"ಚಿಲ್ಲರೆ ಇದೆಯೇನೋ?"